‘ಘಟಶ್ರಾದ್ಧ’ವನ್ನು ಪುಣೆಯ ಹಾಲ್‌ನಲ್ಲಿ ತೋರಿಸುವುದು: ಅಂದು ಕಂಡ ಕಪ್ಪು ಇಂದೂ ಕಾಣಬೇಕಾದರೆ

ಕರ್ವೆರಸ್ತೆ

ಪುಣೆಯ ನಮ್ಮ ಕನ್ನಡ ಬಳಗದಿಂದ ಗಿರೀಶ ಕಾಸರವಳ್ಳಿಯವರ 1977ರ ಕಪ್ಪು ಬಿಳುಪು ಚಿತ್ರ ‘ಘಟಶ್ರಾದ್ಧ’ ತೋರಿಸುವುದೆಂದು ನಿಶ್ಚಯವಾಗಿದೆ. ಹಾಲ್‌ನಲ್ಲಿ 160 ಕುರ್ಚಿ. ಪರದೆ 14 ಅಡಿ ಅಗಲ. 5000 ಲೂಮೆನ್ಸ್ (ಬೆಳಕಿನ ಅಳತೆ) ಎಂದು ಮೈಮೇಲೆ ಬರೆದಿರುವ ಪ್ರೊಜೆಕ್ಟರ್, ಗೋಡೆಗೆ ನಾಲ್ಕು ಸ್ಪೀಕರ್, ಒಂದು ಸಣ್ಣ ಮಿಕ್ಸರ್. ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹರೆಯದಲ್ಲಿ ಈ ಚಿತ್ರ ನೋಡಿ, ಯಮುನಕ್ಕನನ್ನೂ ನಾಣಿಯನ್ನೂ ಇವತ್ತಿನವರೆಗೆ ಮನಸ್ಸಿನಲ್ಲಿ ಇಟ್ಟುಕೊಂಡವರು. ಅವರೆಲ್ಲರದ್ದೂ ಒಂದೇ ದೂರು: ಮೊಬೈಲಿಗೆ ಬರುವ ಪ್ರತಿ ನೋಡಿದರೆ ಇದು ಆ ಚಿತ್ರವೇ ಅಲ್ಲ. ಕತ್ತಲೆ ಬೂದಿ ಬಣ್ಣಕ್ಕೆ ತಿರುಗಿದೆ, ಮುಖಗಳು ಕದಡಿವೆ, ಮಾತು ಸ್ವಲ್ಪ ಕೀಚಲು.

ಇಷ್ಟು ವರ್ಷದಲ್ಲಿ ನೆನಪೇ ಚಿತ್ರವನ್ನು ದೊಡ್ಡದು ಮಾಡಿಕೊಂಡಿದೆಯೋ, ಅಥವಾ ಪ್ರತಿಯೇ ಕೆಟ್ಟದ್ದೋ? ಯಾವ ಪ್ರತಿ ತರಿಸಬೇಕು, ಪರದೆ, ಸದ್ದು, ಬೆಳಕು ಹೇಗೆ ಹೊಂದಿಸಬೇಕು? ತಿಳಿದವರು ವಿವರವಾಗಿ ಹೇಳಬೇಕು.

ಹಳೇರೀಲು

ನೆನಪನ್ನು ಅನುಮಾನಿಸಬೇಡಿ ಸರ್. ಆಗ ಕಂಡದ್ದು ನಿಜವಾಗಿಯೂ ಬೇರೆ ವಸ್ತು.

ಕಪ್ಪು ಬಿಳುಪಿನ 35 ಎಂಎಂ ಪ್ರಿಂಟಿನಲ್ಲಿ ಕಪ್ಪು ಅಂದರೆ ಬಣ್ಣ ಅಲ್ಲ, ಬೆಳ್ಳಿ. ಬೆಳ್ಳಿಯ ಕಣಗಳು ಒತ್ತಾಗಿ ಕೂತು ದೀಪದ ಬೆಳಕನ್ನು ತಡೆಯುತ್ತವೆ. ಹಾಗಾಗಿ ಪರದೆಯ ಮೇಲೆ ಬೀಳುವುದು ಅಚ್ಚ ಕತ್ತಲೆ. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ. ಸೆಕೆಂಡಿಗೆ 24 ಫ್ರೇಮು ಓಡುತ್ತದೆ, ಬೆಳಕನ್ನು ತಡೆದು ಬಿಡುವ ಶಟರಿಗೆ ಎರಡು ರೆಕ್ಕೆ, ಹಾಗಾಗಿ ಪ್ರತಿ ಫ್ರೇಮು ಎರಡೆರಡು ಸಲ ಬೆಳಗಿ ಸೆಕೆಂಡಿಗೆ 48 ಮಿನುಗು. ನಡುವೆ ಶಟರ್ ಮುಚ್ಚಿದಾಗೆಲ್ಲ ಪರದೆ ಕತ್ತಲು. ಚಿತ್ರ ಓಡುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಪ್ರೇಕ್ಷಕ ಕತ್ತಲಲ್ಲೇ ಕೂತಿರುತ್ತಾನೆ. ಡಿಜಿಟಲ್ ಪ್ರೊಜೆಕ್ಟರಿನಲ್ಲಿ ಆ ಮಿನುಗು ಮರಳಿ ಬರುವುದಿಲ್ಲ. ಕಪ್ಪನ್ನು ಮಾತ್ರ ಬಹುಪಾಲು ಮರಳಿ ತರಬಹುದು.

ಮೊಬೈಲಿನ ಪ್ರತಿಗೆ ಏನಾಗಿದೆ ಎಂದರೆ: ಅಂಥ ಪ್ರತಿಗಳ ಮೂಲ ಸಾಮಾನ್ಯವಾಗಿ ಸವೆದ ಪ್ರಿಂಟಿನಿಂದ ಟಿವಿಗಾಗಿ ಟೇಪಿಗೆ ಇಳಿಸಿದ್ದು. ನಮ್ಮ ದೇಶದ ಆಗಿನ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮು, 576 ಗೆರೆ. 24ರ ಚಿತ್ರವನ್ನು 25ಕ್ಕೆ ಓಡಿಸಿದರೆ 4 ಶೇಕಡಾ ವೇಗ ಹೆಚ್ಚುತ್ತದೆ. 2 ಗಂಟೆಯ ಚಿತ್ರ 115 ನಿಮಿಷಕ್ಕೆ ಮುಗಿಯುತ್ತದೆ. ಸ್ವರವೂ ಮುಕ್ಕಾಲು ಅರ್ಧಸ್ವರದಷ್ಟು ಮೇಲೇರುತ್ತದೆ. ನಿಮ್ಮವರು ‘ಕೀಚಲು’ ಅಂದದ್ದು ಇದನ್ನೇ. ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ತಂದ ಸಂಗೀತ ಅದು; ಶ್ರುತಿ ಏರಿದರೆ ಗೊತ್ತಾಗದೆ ಇರುತ್ತದೆಯೇ? ಆ ಟೇಪನ್ನು ಮತ್ತೆ ಒತ್ತಿ ಸಣ್ಣ ಫೈಲು ಮಾಡಿದಾಗ ಮೊದಲು ಸಾಯುವುದು ಕಪ್ಪಿನೊಳಗಿನ ವಿವರ. ಛಾಯಾಗ್ರಾಹಕ ಎಸ್. ರಾಮಚಂದ್ರ ತೆಗೆದ ರಾತ್ರಿಯ ದೃಶ್ಯಗಳು ಚೌಕ ಚೌಕ ಕಲೆಗಳಾಗಿ ಒಡೆಯುವುದು ಅಲ್ಲೇ.

ಬೆಳ್ಳಿಕಣ

ಹಳೇರೀಲು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಷ್ಟೋ ಸಲ ಪ್ರತಿ ಚೆನ್ನಾಗಿಯೇ ಇರುತ್ತದೆ, ಲ್ಯಾಪ್‌ಟಾಪ್ ಅದನ್ನು ಕೆಡಿಸುತ್ತದೆ. ವಿಡಿಯೊದಲ್ಲಿ ಕಪ್ಪಿನ ಅಂಕಿ 16, ಬಿಳಿಯದು 235. ಕಂಪ್ಯೂಟರಿನಲ್ಲಿ ಕಪ್ಪು 0, ಬಿಳಿ 255. ಎಚ್‌ಡಿಎಂಐಯಲ್ಲಿ ಲ್ಯಾಪ್‌ಟಾಪ್ ಒಂದು ಲೆಕ್ಕದಲ್ಲಿ ಕಳಿಸಿ ಪ್ರೊಜೆಕ್ಟರ್ ಇನ್ನೊಂದು ಲೆಕ್ಕದಲ್ಲಿ ಓದಿದರೆ 16 ಎಂಬ ಕಪ್ಪು ಪರದೆಯ ಮೇಲೆ ಬೂದಿಯಾಗಿ ಬೀಳುತ್ತದೆ. ಇದು ಉಲ್ಟಾ ಆದರೆ ನೆರಳೊಳಗಿನ ಸೀರೆಯ ಅಂಚು, ಕಂಬ, ಬಾಗಿಲು ಎಲ್ಲ ಒಂದೇ ಮಸಿಯಾಗುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ‘ಫುಲ್’, ‘ಲಿಮಿಟೆಡ್’ ಎಂಬ ಎರಡು ಆಯ್ಕೆ ಇರುತ್ತವೆ, ಪ್ರೊಜೆಕ್ಟರಿನಲ್ಲೂ ಇರುತ್ತವೆ. ಎರಡೂ ಕಡೆ ಒಂದೇ ಇರಬೇಕು, ಅಷ್ಟೇ. ಬೂದಿ ಕತ್ತಲೆ ಕಂಡ ಕೂಡಲೇ ಮೊದಲು ಇದನ್ನು ನೋಡಿ, ಆಮೇಲೆ ಪ್ರತಿಯನ್ನು ಬೈಯಿರಿ.

ಈಗ ಪ್ರತಿಯ ಮಾತು. ಈ ಚಿತ್ರದ ಮಟ್ಟಿಗೆ ನಾವು ಪುಣ್ಯವಂತರು. ದಿ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಇದನ್ನು ಪುನರುಜ್ಜೀವಗೊಳಿಸಿವೆ; ಕೆಲಸ ನಡೆದದ್ದು ಇಟಲಿಯ ಬೊಲೊನ್ಯದ ಲ್ಯಾಬ್‌ನಲ್ಲಿ. ಆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ತರಿಸುವುದಾದರೆ ಅದನ್ನೇ ತರಿಸಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೂ ಹಕ್ಕುದಾರರಿಗೂ ಪತ್ರ ಬರೆಯಿರಿ. ದಿನಾಂಕ, ಹಾಲ್‌ನ ಹೆಸರು, ಕುರ್ಚಿ ಎಷ್ಟು, ಟಿಕೆಟ್ ಇದೆಯೋ ಉಚಿತವೋ, ಯಾವ ಪ್ರೊಜೆಕ್ಟರ್, ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ) ಓಡಿಸುವ ಸರ್ವರ್ ಇದೆಯೋ ಇಲ್ಲವೋ, ಇಷ್ಟನ್ನೂ ಮೊದಲ ಪತ್ರದಲ್ಲೇ ಬರೆದುಬಿಟ್ಟರೆ ನಾಲ್ಕು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ.

ಒಂದು ಎಚ್ಚರಿಕೆ. ಪುನರುಜ್ಜೀವಗೊಂಡ ಪ್ರತಿಯಲ್ಲಿ ಸಣ್ಣ ಕಣಗಳ ಚಲನೆ ಕಾಣುತ್ತದೆ. ಬೆಳ್ಳಿಯ ಕಣ ಅದು, ಚಿತ್ರದ ಮೈಚರ್ಮವೇ ಅದು. ‘ಗಲೀಜಾಗಿದೆ’ ಎಂದು ಪ್ರೊಜೆಕ್ಟರಿನ ನಾಯ್ಸ್ ರಿಡಕ್ಷನ್ ಹಾಕಿದಿರೋ, ಮುಖಗಳು ಮೇಣದ ಗೊಂಬೆಯಾಗುತ್ತವೆ.

ಮಾಟುಂಗಾ_ಪೂರ್ವ

ಹಕ್ಕುದಾರರ ಮಾತು ಬಂತಲ್ಲ, ಮುಂಬೈ ಕನ್ನಡಿಗರು ಇಲ್ಲಿ ಒಂದು ಹೆಸರು ಹೇಳಲೇಬೇಕು. ಈ ಚಿತ್ರದ ನಿರ್ಮಾಪಕರು ಸದಾನಂದ ಸುವರ್ಣ, ಮುಂಬೈಯ ಕನ್ನಡ ರಂಗಭೂಮಿಯವರು. 2024ರ ಜುಲೈಯಲ್ಲಿ ತೀರಿಕೊಂಡರು. ವೆನಿಸ್ ಪ್ರದರ್ಶನಕ್ಕೆ ಆಗ ಎರಡು ತಿಂಗಳೂ ಇರಲಿಲ್ಲ. ನಿರ್ದೇಶಕ ಗಿರೀಶ ಕಾಸರವಳ್ಳಿ ಸಿನಿಮಾ ಕಲಿತದ್ದು ನಿಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ, 1975ರ ತಂಡ. ಅದಾದ ಎರಡೇ ವರ್ಷಕ್ಕೆ ಈ ಮೊದಲ ಕಥಾಚಿತ್ರ, ಅದಕ್ಕೆ ಸ್ವರ್ಣಕಮಲ. ಕಥೆ ಯು.ಆರ್. ಅನಂತಮೂರ್ತಿ ಅವರದು. ಕರಪತ್ರದಲ್ಲಿ ‘ಪ್ರಶಸ್ತಿ ವಿಜೇತ ಕನ್ನಡ ಚಿತ್ರ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಮಲೆನಾಡಿನ ಚಿತ್ರವಾದರೂ ಇದರಲ್ಲಿ ಪುಣೆಯ ಪಾಠವಿದೆ, ಮುಂಬೈಯ ಹಣವಿದೆ. ನಿಮ್ಮ ಪ್ರೇಕ್ಷಕರಿಗೆ ಅದು ಗೊತ್ತಾಗಲಿ.

ಕಾನೂನಿನ ಎರಡು ಮಾತು. ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. 1977ರದ್ದಾದರೆ 2037ರ ಕೊನೆಯ ತನಕ ಜೀವಂತ. ಮನೆಯಲ್ಲಿ ನೋಡಲು ಕೊಂಡ ಡಿಸ್ಕು, ಆ್ಯಪಿನ ಚಂದಾ, ಇವು ಯಾವುವೂ 160 ಜನರಿಗೆ ತೋರಿಸುವ ಅನುಮತಿ ಆಗುವುದಿಲ್ಲ. ಉಚಿತವಾಗಿ ತೋರಿಸಿದರೂ ಆಗುವುದಿಲ್ಲ. ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಸೆನ್ಸಾರ್ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ. ಪ್ರಮಾಣಪತ್ರಕ್ಕೆ ಹತ್ತೇ ವರ್ಷ ಆಯಸ್ಸು ಎಂಬ ನಿಯಮ 2023ರ ತಿದ್ದುಪಡಿಯಲ್ಲಿ ಹೋಯಿತು, ಆ ಚಿಂತೆ ಬೇಡ.

ಕರ್ವೆರಸ್ತೆ

ಇದೆಲ್ಲ ಬಹಳ ಉಪಯೋಗ. ನಮ್ಮ ಹಾಲ್‌ನಲ್ಲಿ ಡಿಸಿಪಿ ಸರ್ವರ್ ಇಲ್ಲ. ಅದಕ್ಕಾಗಿ ಥಿಯೇಟರನ್ನೇ ಹಿಡಿಯಬೇಕೆ, ಹಾಲ್‌ನಲ್ಲೇ ಆಗುತ್ತದೆಯೆ? ಮತ್ತೆ, ಆ 5000 ಲೂಮೆನ್ಸ್ ಸಾಲುತ್ತದೆಯೆ? ಬಳಗದ ಕೆಲವರು 8000ದ್ದು ಬಾಡಿಗೆಗೆ ತರೋಣ ಅನ್ನುತ್ತಿದ್ದಾರೆ.

ಬೆಳ್ಳಿಕಣ

8000 ತರಬೇಡಿ. ನಿಮ್ಮ 5000ವೇ ಜಾಸ್ತಿ.

ಲೆಕ್ಕ ನೋಡಿ. ಪರದೆ 14 ಅಡಿ ಅಗಲ ಅಂದರೆ 16:9ರಲ್ಲಿ ಎತ್ತರ ಸುಮಾರು 7.9 ಅಡಿ, ಒಟ್ಟು 110 ಚದರಡಿ. ಚಿತ್ರಮಂದಿರದ ಡಿಜಿಟಲ್ ಪರದೆಗೆ ನಿಗದಿಯಾದ ಬೆಳಕು 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ). ಸಾದಾ ಬಿಳಿ ಪರದೆಗೆ 110 ಗುಣಿಸು 14, ಅಂದರೆ 1540 ಲೂಮೆನ್ಸ್ ಸಾಕು. ಪೆಟ್ಟಿಗೆಯ ಮೇಲಿನ 5000 ಎಂಬುದು ಹಸಿರು ಹೊಡೆಯುವ ‘ಡೈನಾಮಿಕ್’ ಮೋಡಿನ ಅಂಕಿ. ‘ಸಿನಿಮಾ’ ಮೋಡಿಗೆ ತಂದರೆ ಅರ್ಧಕ್ಕೆ ಇಳಿದು 2500ರ ಹತ್ತಿರ ಇರುತ್ತದೆ ಅಂತಿಟ್ಟುಕೊಳ್ಳಿ. ಆಗಲೂ 22 ಫುಟ್‌ಲ್ಯಾಂಬರ್ಟ್ ದಾಟುತ್ತದೆ. ಸಭೆ ಸಮಾರಂಭದ ಪ್ರೊಜೆಕ್ಟರುಗಳಿಗೆ ಬೆಳಕು ಹೆಚ್ಚು, ಕಪ್ಪು ಕಡಿಮೆ. ದೀಪ ಏರಿಸಿದಷ್ಟೂ ಕತ್ತಲೆಯೂ ಜೊತೆಗೆ ಬೆಳಗುತ್ತದೆ. ಆದ್ದರಿಂದ ಇಕೋ ಮೋಡಿಗೆ ಹಾಕಿ ದೀಪ ಇಳಿಸಿ. ಉಳಿದ ಹಣದಲ್ಲಿ ಕಿಟಕಿಗೆ ಕಪ್ಪು ಪರದೆ ಕಟ್ಟಿಸಿ. ಹಾಲ್‌ನ ‘ಎಕ್ಸಿಟ್’ ಫಲಕ ಬಿಟ್ಟು ಬೇರೆ ಯಾವ ಬೆಳಕೂ ಪರದೆಗೆ ತಾಗಬಾರದು. ಚಿತ್ರದ ಕತ್ತಲೆಯನ್ನು ಪ್ರೊಜೆಕ್ಟರಿಗಿಂತ ಹೆಚ್ಚಾಗಿ ನಿರ್ಧರಿಸುವುದು ಕೋಣೆಯ ಕತ್ತಲೆ.

ಬಣ್ಣದ ತಾಪಮಾನ 6500ಕ್ಕೆ, ಅಥವಾ ‘ವಾರ್ಮ್’ಗೆ ಇಡಿ. ಕಾರ್ಖಾನೆಯಿಂದ ಬಂದ ಸೆಟ್ಟಿಂಗಿನಲ್ಲೇ ಬಿಟ್ಟರೆ ಕಪ್ಪು ಬಿಳುಪು ಚಿತ್ರ ನೀಲಿ ಹೊಡೆಯುತ್ತದೆ, ಮಧ್ಯಾಹ್ನದ ಬಿಸಿಲೂ ಬೆಳದಿಂಗಳಂತೆ ಕಾಣುತ್ತದೆ. ಗಾಮಾ (ಕಪ್ಪು ಬಿಳುಪಿನ ನಡುವಿನ ಬೂದಿಗಳ ಹದ) 2.2ರಿಂದ 2.4. ಶಾರ್ಪ್‌ನೆಸ್ ಸೊನ್ನೆಯ ಹತ್ತಿರ. ಫ್ರೇಮು ಹುಟ್ಟಿಸುವ ‘ಸ್ಮೂತ್ ಮೋಷನ್’ ಇದ್ದರೆ ತೆಗೆಯಿರಿ. ಅದಿದ್ದರೆ ಸಿನಿಮಾ ಧಾರಾವಾಹಿಯಂತೆ ಓಡುತ್ತದೆ. ಓರೆ ಬಿದ್ದ ಚಿತ್ರವನ್ನು ಚೌಕ ಮಾಡುವ ‘ಕೀಸ್ಟೋನ್’ ಉಪಯೋಗಿಸದೆ ಪ್ರೊಜೆಕ್ಟರನ್ನೇ ಮೇಜಿನ ಮೇಲೆ ನೇರಕ್ಕೆ ಕೂರಿಸಿ.

ಹಳೇರೀಲು

ಡಿಸಿಪಿ ಬಗ್ಗೆ. ಅದು ಒಂದು ಫೈಲಲ್ಲ, ಒಂದು ಫೋಲ್ಡರು. ಚಿತ್ರ, ಸದ್ದು, ಓಡಿಸುವ ಪಟ್ಟಿ ಎಲ್ಲ ಬೇರೆ ಬೇರೆ ಇರುತ್ತವೆ. ಒಂದರ ಹೆಸರು ಬದಲಾದರೂ ಓಡುವುದಿಲ್ಲ, ಕೈ ಹಾಕಬೇಡಿ. ಸೆಕೆಂಡಿಗೆ ಹೆಚ್ಚೆಂದರೆ 250 ಮೆಗಾಬಿಟ್, ಆ ಲೆಕ್ಕಕ್ಕೆ 2 ಗಂಟೆಯ ಚಿತ್ರ 225 ಜಿಬಿ ತನಕ ಹೋಗಬಹುದು. ಯುಎಸ್‌ಬಿ 2ರಲ್ಲಿ ನಕಲು ಮಾಡಲು ಎರಡು ಗಂಟೆಯೇ ಬೇಕು. ‘ಪ್ರದರ್ಶನಕ್ಕೆ ಅರ್ಧ ಗಂಟೆ ಮುಂಚೆ ಡ್ರೈವ್ ತಂದರಾಯಿತು’ ಎನ್ನುವವರ ಪ್ರದರ್ಶನ ತಡವಾಗುವುದು ಇದರಿಂದಲೇ. ಡ್ರೈವ್ ಸಾಮಾನ್ಯವಾಗಿ ಲಿನಕ್ಸ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ವಿಂಡೋಸ್‌ಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಅಪ್ಪಿತಪ್ಪಿಯೂ ಹೂಂ ಅನ್ನಬೇಡಿ.

ಬೀಗ ಹಾಕಿದ ಡಿಸಿಪಿ ಆದರೆ ಕೆಡಿಎಂ ಎಂಬ ಕೀಲಿ ಬೇಕು. ಆ ಕೀಲಿ ಒಂದೇ ಸರ್ವರಿಗೆ, ಗೊತ್ತುಮಾಡಿದ ಅವಧಿಗೆ ಮಾತ್ರ ತೆರೆಯುತ್ತದೆ. ಥಿಯೇಟರಿನ ಸರ್ವರ್ ಪ್ರಮಾಣಪತ್ರವನ್ನು ಮುಂಚೆಯೇ ಕಳಿಸಿ. ಸಮಯದಲ್ಲಿ ಎಡವುವುದು ಹೀಗೆ: ಹೊರದೇಶದವರು ಗ್ರೀನಿಚ್ ಲೆಕ್ಕದಲ್ಲಿ ‘18:00ರಿಂದ’ ಎಂದು ಹಾಕಿದರೆ ನಮ್ಮಲ್ಲಿ ಅದು ರಾತ್ರಿ 11:30. ಸಂಜೆ 6ಕ್ಕೆ ಜನ ಕೂತಿರುತ್ತಾರೆ, ಕೀಲಿ ತೆರೆಯುವುದಿಲ್ಲ. ಹಿಂದಿನ ದಿನ ಬೆಳಿಗ್ಗೆಯಿಂದ ಮರುದಿನ ರಾತ್ರಿಯವರೆಗೆ ಅವಧಿ ಕೇಳಿಕೊಳ್ಳಿ, ಪರೀಕ್ಷೆಗೂ ಅವಕಾಶವಾಗುತ್ತದೆ.

ಹಾಲ್‌ನಲ್ಲೇ ಮಾಡುವುದಾದರೆ ಹಕ್ಕುದಾರರಲ್ಲಿ ಬ್ಲೂರೇ ಅಥವಾ ಒಳ್ಳೆಯ ಫೈಲು ಕೊಡಲು ಸಾಧ್ಯವೇ ಎಂದು ಕೇಳಿ. ಫೈಲು 24ರದ್ದಾದರೆ ಲ್ಯಾಪ್‌ಟಾಪಿನ ರಿಫ್ರೆಶ್ ಕೂಡ 24 ಅಥವಾ 48 ಹರ್ಟ್ಸ್‌ಗೆ ಇರಲಿ. 60ರಲ್ಲಿ ಬಿಟ್ಟರೆ ಒಂದು ಫ್ರೇಮು ಎರಡು ಸಲ, ಮುಂದಿನದು ಮೂರು ಸಲ ನಿಲ್ಲುತ್ತದೆ. ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಅಡಿಕೆ ಮರಗಳು ಜಗ್ಗಿ ಜಗ್ಗಿ ಸರಿಯುತ್ತವೆ.

ಹುಬ್ಬಳ್ಳಿಅಕ್ಕ

ಎಲ್ಲಾರೂ ಕಣ್ಣಿಂದಾ ಹೇಳಾಕತ್ತೀರಿ, ಕಿವಿದು ಯಾರೂ ಹೇಳವಲ್ರಿ. ಈ ಪಿಕ್ಚರಿನ್ಯಾಗ ಅರ್ಧ ಕಥಿ ಸುಮ್ಮನಿರೋದ್ರಾಗ ಐತಿ. ಹುಡುಗರು ಮಂತ್ರ ಹೇಳೋದು, ಕಾಡಿನ ಸಪ್ಪಳ, ಆಮ್ಯಾಲೆ ಏನೂ ಇಲ್ಲದ ಮೌನ. ಹಾಲ್‌ನ ಫ್ಯಾನು ಗರಗರ ಅಂತಿದ್ರ ಆ ಮೌನ ಹೋತು ಅಂತ ತಿಳ್ಕೊರಿ.

ಮೊದಲನೇದು, ಗ್ವಾಡಿಗೆ ಹಾಕಿದ ನಾಲ್ಕೂ ಸ್ಪೀಕರ್ ಬಂದ್ ಮಾಡ್ರಿ. ಆಗಿನ ಸಿನಿಮಾ ಮೋನೋ. ಸದ್ದು ಒಂದೇ ಕಡಿಯಿಂದ, ಪರದೆ ಹಿಂದಿಂದ ಬರ್ತಿತ್ತು. ಒಂದು ಒಳ್ಳೆ ಸ್ಪೀಕರ್ ತಂದು ಪರದೆ ನಟ್ಟನಡುವ ಕೆಳಗ ಇಡ್ರಿ, ಮುಂದ ಕುಂತವರ ತಲಿಗಿಂತ ಒಂದೀಟು ಎತ್ತರಕ್ಕ, ಮಾರಿ ಹಿಂದಿನ ಸಾಲಿನ ಕಡೆ. ಸಪ್ಪಳ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನ್ಯಾಗ ಬರೇ ಒಂದು ಅಡಿ ಹೋಗ್ತದ. 45 ಅಡಿ ಹಿಂದ ಕುಂತವರಿಗೆ ಪಕ್ಕದ ಗ್ವಾಡಿ ಸ್ಪೀಕರ್ ಸದ್ದು ಮೊದಲ ಬಂದು, ಮುಂದಿಂದು 40 ಮಿಲಿಸೆಕೆಂಡ್ ತಡಾ ಮಾಡಿ ಬಂತಂದ್ರ ಮಾತು ಒಂದರ ಮ್ಯಾಲೊಂದು ಬಿದ್ದು ಕಲಸಿಹೋಗ್ತದ. ‘ಹಳೇ ಪಿಕ್ಚರ್, ಮಾತ ತಿಳಿಯಂಗಿಲ್ಲ’ ಅಂತ ಮಂದಿ ಅಂತಾರ. ಪಿಕ್ಚರ್ ತಪ್ಪಲ್ಲ ಅದು.

ಎರಡನೇದು, ಬಾಸ್ ಏರಿಸಬ್ಯಾಡ್ರಿ. ಮಿಕ್ಸರಿನ್ಯಾಗ 80 ಹರ್ಟ್ಸ್ ಕೆಳಗಿಂದು ಕತ್ತರಿಸ್ರಿ, ಅಲ್ಲಿ ಗುಂಯ್ ಅನ್ನೋದು ಬಿಟ್ರ ಏನೂ ಇರಂಗಿಲ್ಲ. 8000ದ ಮ್ಯಾಲಿಂದು ಸ್ವಲ್ಪ ಇಳಿಸಿದ್ರ ಹಿಸ್ ಸಪ್ಪಳ ಕಡಿಮಿ ಆಗ್ತದ. ಪೂರಾ ತೆಗಿಬ್ಯಾಡ್ರಿ, ‘ಸ’, ‘ಶ’ ಅನ್ನೋ ಅಕ್ಷರಾನೂ ಅದರ ಸಂಗಟ ಹೋಗ್ತಾವ. ಪುನರುಜ್ಜೀವದ ಪ್ರತಿ ಸಿಕ್ಕರ ಇದ್ಯಾವುದೂ ಬ್ಯಾಡ, ಸದ್ದು ಸ್ವಚ್ಛ ಮಾಡೇ ಕೊಟ್ಟಿರ್ತಾರ.

ಮೂರನೇದು, ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದ ಕೂಡ್ಲೆ ಸ್ಪೀಕರಿನ್ಯಾಗ ಹಂ ಅಂತ ಬರ್ತದಲ್ಲ, ಅದು 50 ಹರ್ಟ್ಸ್ ಕರೆಂಟಿನ ಹಮ್. ನಡುವ ಒಂದು ಡಿಐ ಬಾಕ್ಸ್ (ಹಮ್ ತಡಿಯೋ ಸಣ್ಣ ಡಬ್ಬಿ) ಹಾಕ್ರಿ. ಮಿಕ್ಸರ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎಲ್ಲಾ ಒಂದೇ ಬೋರ್ಡಿನ ಕರೆಂಟ್ ತಗೋಲಿ. ಆದ್ರೂ ಹೋಗಲಿಲ್ಲಂದ್ರ ಬ್ಯಾಟರಿ ಮ್ಯಾಲೆ ಓಡಿಸ್ರಿ, ಆದ್ರ ಎರಡು ತಾಸು ತಡೀತದೋ ಇಲ್ಲೋ ಮುಂಚೆ ನೋಡ್ಕೊಂಡು.

ಮಾಟುಂಗಾ_ಪೂರ್ವ

ಹುಬ್ಬಳ್ಳಿ ಅಕ್ಕ ಹೇಳಿದ್ದರಲ್ಲಿ ಗೋಡೆ ಸ್ಪೀಕರಿನ ವಿಷಯ ಬಂಗಾರದ ಮಾತು.

ನನ್ನದೊಂದು ಪ್ರಶ್ನೆ. ಫಿಲ್ಮ್ ಸೊಸೈಟಿಗಳಲ್ಲಿ ಇಂಥ ಚಿತ್ರಗಳನ್ನು 16 ಎಂಎಂನಲ್ಲಿ ನೋಡಿದವರು ಮುಂಬೈಯಲ್ಲೂ ಬಹಳ. ಆ ಟಕಟಕ ಸದ್ದಿನ ಜೊತೆ ನೋಡಬೇಕು ಎಂಬ ಆಸೆ ಕೆಲವರಿಗೆ. ಯಾವುದಾದರೂ ಹಳೇ 16 ಎಂಎಂ ಪ್ರಿಂಟ್ ಕೈಗೆ ಸಿಕ್ಕರೆ ಓಡಿಸಬಹುದೋ ಬಾರದೋ ತಿಳಿಯುವುದು ಹೇಗೆ?

ಹಳೇರೀಲು

ಡಬ್ಬ ತೆರೆದ ಕೂಡಲೇ ಮೂಗು ಹೇಳುತ್ತದೆ. ಹುಳಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯಲು ಶುರುವಾಗಿದೆ ಅಂತ. ಫಿಲ್ಮಿನ ಆಧಾರದಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ, ಅದೇ ಆಮ್ಲ ಕೊಳೆತವನ್ನು ಇನ್ನಷ್ಟು ಓಡಿಸುತ್ತದೆ. ಮುಚ್ಚಿದ ಡಬ್ಬದಲ್ಲಿ ಇದು ಬೇಗ ಹಬ್ಬುವುದು ಅದಕ್ಕೇ. ಅಳೆಯಲು ಪರೀಕ್ಷೆಯ ಪಟ್ಟಿ ಬರುತ್ತದೆ: ನೀಲಿ ಇದ್ದರೆ ಚೆನ್ನ, ಹಸಿರಾದರೆ ಎಚ್ಚರ, ಹಳದಿಯಾದರೆ ಆ ರೀಲನ್ನು ಬೇರೆಯವುಗಳಿಂದ ದೂರ ಇಡಬೇಕು. ಮುಂಬೈಯ ಸೆಖೆಗೆ, ತೇವಕ್ಕೆ ಇದು ಪುಣೆಗಿಂತ ಬೇಗ ಬರುತ್ತದೆ.

ವಾಸನೆ ಇಲ್ಲದಿದ್ದರೂ ಕುಗ್ಗಿದೆಯೋ ನೋಡಿ. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಫಿಲ್ಮನ್ನು ಚಪ್ಪಟೆಯಾಗಿ ಇಟ್ಟು 100 ಫ್ರೇಮು ಎಣಿಸಿ ಅಳೆಯಿರಿ. ಹೊಸ 16 ಎಂಎಂ ಪ್ರಿಂಟಿನಲ್ಲಿ ಅದು 762 ಮಿಲಿಮೀಟರು. 754ಕ್ಕೆ ಬಂದರೆ ನೂರಕ್ಕೆ ಒಂದರಷ್ಟು ಕುಗ್ಗಿದೆ. ಅಂಥದನ್ನು ಓಡಿಸಿದರೆ ಪ್ರೊಜೆಕ್ಟರಿನ ಹಲ್ಲು ತೂತಿಗೆ ಸರಿಯಾಗಿ ಕೂರದೆ ಅಂಚನ್ನು ಹರಿಯುತ್ತದೆ. ಒಂದು ಸಲ ಹರಿದ ತೂತು ಮತ್ತೆ ಬೆಳೆಯುವುದಿಲ್ಲ. ಅಂಥ ಪ್ರಿಂಟನ್ನು ಪ್ರದರ್ಶನದ ಆಸೆ ಬಿಟ್ಟು ಸಂಗ್ರಹಾಲಯಕ್ಕೆ ತೋರಿಸಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಇರುವುದೇ ಇದಕ್ಕೆ.

ಓಡಿಸಬಹುದಾದ ಪ್ರಿಂಟ್ ಆದರೆ: ನಿಮಿಷಕ್ಕೆ 36 ಅಡಿ, 1600 ಅಡಿಯ ರೀಲು 44 ನಿಮಿಷ. ಸದ್ದಿನ ಗುರುತು ಚಿತ್ರಕ್ಕಿಂತ 26 ಫ್ರೇಮು ಮುಂದಿರುತ್ತದೆ; ಗೇಟಿನ (ಫಿಲ್ಮಿಗೆ ಬೆಳಕು ಬೀಳುವ ಕಿಂಡಿ) ಕೆಳಗಿನ ಲೂಪು, ಅಂದರೆ ಫಿಲ್ಮಿನ ಸಡಿಲ ಬಳುಕು, ಚಿಕ್ಕದೋ ದೊಡ್ಡದೋ ಆದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಚಿತ್ರ ಕುಣಿಯಲು ಶುರುವಾದರೆ ಲೂಪು ಹೋಗಿದೆ ಅಂತ ತಿಳಿದು ಕೂಡಲೇ ನಿಲ್ಲಿಸಿ. ಗೇಟನ್ನು ಪ್ರತಿ ರೀಲಿನ ನಡುವೆ ಮೆತ್ತಗಿನ ಬ್ರಶ್‌ನಿಂದ ಒರೆಸಿ. ಉಗುರು, ಸ್ಕ್ರೂಡ್ರೈವರ್ ತಾಗಿಸಬೇಡಿ.

ವಾಸ್ಕೋತೀರ

ಗೋವಾದಿಂದ ಒಂದು ಮಾತು. ಇಲ್ಲಿ ಬಯಲಲ್ಲಿ ಪರದೆ ಕಟ್ಟುವವರು ಜಾಸ್ತಿ, ನಿಮ್ಮಲ್ಲೂ ಯಾರಾದರೂ ‘ಅಂಗಳದಲ್ಲೇ ಮಾಡೋಣ’ ಅಂದಾರು. ಈ ಚಿತ್ರಕ್ಕೆ ಬಯಲು ಬೇಡ. ಬೀದಿದೀಪ ಒಂದು ಸಾಕು ರಾತ್ರಿಯ ದೃಶ್ಯ ತಿನ್ನಲು. ಮಾಡಲೇಬೇಕಾದರೆ ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆದಮೇಲೆ ಶುರುಮಾಡಿ, ಬಿಳಿ ಬಟ್ಟೆಯ ಹಿಂದೆ ಕಪ್ಪು ಬಟ್ಟೆ ಹೊಲಿಸಿ, ಇಲ್ಲದಿದ್ದರೆ ಬೆಳಕು ಹಿಂದಕ್ಕೆ ಸೋರುತ್ತದೆ. ಪ್ರೊಜೆಕ್ಟರನ್ನು ಏಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಹಚ್ಚಬೇಡಿ. ಲೆನ್ಸಿನ ಮೇಲೆ ನೀರಾವಿ ಕೂರುತ್ತದೆ. ಪೆಟ್ಟಿಗೆಯಲ್ಲೇ ಅರ್ಧ ಮುಕ್ಕಾಲು ಗಂಟೆ ಹೊರಗಿಡಿ.

ಉಪಶೀರ್ಷಿಕೆ

ಯಾರೂ ಚೌಕಟ್ಟಿನ ಆಕಾರ ಹೇಳಲಿಲ್ಲ! ಹಳೇ ಚಿತ್ರಕ್ಕೆ ಆಗುವ ದೊಡ್ಡ ಅನ್ಯಾಯ ಅಲ್ಲೇ.

ಡಿಸಿಪಿಯ ಹೆಸರಿನಲ್ಲಿ ‘ಎಫ್-137’ ಎಂದಿದ್ದರೆ ಚಿತ್ರದ ಅಗಲ ಎತ್ತರದ 1.37 ಪಟ್ಟು, ಎರಡೂ ಬದಿ ಖಾಲಿ. 1998ಕ್ಕೆ 1080 ಪಿಕ್ಸೆಲ್‌ನ ಪೆಟ್ಟಿಗೆಯಲ್ಲಿ ಚಿತ್ರ ಕೂರುವುದು 1480 ಅಗಲದಲ್ಲಿ. ಬದಿ ಖಾಲಿ ಕಂಡು ಕೈ ಸುಮ್ಮನಿರದವರು ರಿಮೋಟಿನಲ್ಲಿ ‘16:9’ ಒತ್ತುತ್ತಾರೆ. ಮುಖಗಳು 30 ಶೇಕಡಾ ಅಗಲವಾಗುತ್ತವೆ, ನಾಣಿ ದಢೂತಿ ಹುಡುಗನಾಗುತ್ತಾನೆ. ಇಲ್ಲವೇ ‘ಝೂಮ್’ ಒತ್ತುತ್ತಾರೆ. ಆಗ ಮೇಲೆ ಕೆಳಗೆ ಸೇರಿ 23 ಶೇಕಡಾ ಚಿತ್ರವೇ ಕತ್ತರಿಸಿಹೋಗುತ್ತದೆ. ಇದು ಸಣ್ಣ ಹುಡುಗನ ಕಣ್ಣಿಗೆ ಕಂಡ ಕಥೆ. ದೊಡ್ಡವರು ಎತ್ತರಕ್ಕೆ, ಮರ ಎತ್ತರಕ್ಕೆ, ಹುಡುಗ ಕೆಳಗೆ. ಮೇಲಿಂದ ಕೆಳಗಿನ ಆ ಅಂತರವನ್ನೇ ಕೊಯ್ದರೆ ಉಳಿಯುವುದೇನು? ಕೊನೆಯಲ್ಲಿ ಮರದ ಕೆಳಗೆ ಕೂತ ಯಮುನಕ್ಕನ ಬೋಳಿಸಿದ ತಲೆಗೂ ಚೌಕಟ್ಟಿನ ಅಂಚಿಗೂ ಎಷ್ಟು ಜಾಗ ಬಿಡಬೇಕೆಂದು ತೆಗೆದವರು ಯೋಚಿಸಿಯೇ ಬಿಟ್ಟಿದ್ದಾರೆ. ಅದನ್ನು ಕಳೆಯುವ ಹಕ್ಕು ರಿಮೋಟ್ ಹಿಡಿದವರಿಗಿಲ್ಲ.

ನಿಮ್ಮ 14 ಅಡಿ ಪರದೆಯಲ್ಲಿ ಚಿತ್ರ ಬೀಳುವುದು ಸುಮಾರು 10.8 ಅಡಿ. ಉಳಿದದ್ದು ಬದಿಗೆ ಒಂದಡಿ ಏಳಂಗುಲದಂತೆ. ಆ ಖಾಲಿ ಜಾಗ ಕಪ್ಪಾಗಿ ಕಾಣುವುದಿಲ್ಲ, ಪ್ರೊಜೆಕ್ಟರಿನ ಬೂದಿ ಬೆಳಕು ಅಲ್ಲೂ ಬೀಳುತ್ತದೆ. ಅದನ್ನು ಬಟ್ಟೆಯಿಂದ ಮುಚ್ಚಿ. ರವಿವಾರ ಪೇಟೆಯಲ್ಲಿ 44 ಇಂಚು ಪನ್ನದ ಕಪ್ಪು ವೆಲ್ವೆಟ್ ಮೂರು ಮೀಟರ್ ತಂದರೆ ಸಾಕು. ಉದ್ದಕ್ಕೆ ಎರಡು ಸೀಳು ಮಾಡಿದರೆ ಒಂದೊಂದು 22 ಇಂಚು, ಎರಡೂ ಬದಿಗೆ ಆಯಿತು. ಹೊಳೆಯುವ ಸಾಟಿನ್ ತರಬೇಡಿ. ಮೇಲೆ ಕೋಲು ಸೇರಿಸಿ ಇಳಿಬಿಡಿ, ಕೆಳಗೆ ಮಡಿಕೆಯಲ್ಲಿ ಸರಳು ಹಾಕಿದರೆ ಅಲುಗಾಡುವುದಿಲ್ಲ. ಬಟ್ಟೆಯ ಅಂಚು ಚಿತ್ರದೊಳಗೆ ಅರ್ಧ ಇಂಚು ಬಂದಿರಲಿ. ಇಷ್ಟು ಮಾಡಿ ನೋಡಿ, ಅದೇ ಪ್ರೊಜೆಕ್ಟರಿನ ಅದೇ ಕಪ್ಪು ಒಂದು ಪಟ್ಟು ಗಾಢವಾಗಿ ಕಾಣುತ್ತದೆ; ಪಕ್ಕದಲ್ಲಿ ಬೂದಿ ಪಟ್ಟಿ ಇರುವುದಿಲ್ಲವಲ್ಲ, ಕಣ್ಣು ಒಪ್ಪಿಕೊಳ್ಳುತ್ತದೆ.

ಪುಣೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಆ ಬ್ರಾಹ್ಮಣ ಕನ್ನಡ ಪೂರ್ತಿ ತಿಳಿಯದು. ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿ ಕೇಳಿ. ಮರಾಠಿಯಲ್ಲೂ ಬೇಕೆಂದರೆ ಹಕ್ಕುದಾರರ ಒಪ್ಪಿಗೆ ಪಡೆದು ಬರೆಯಿರಿ. ಚೌಕಟ್ಟು ಕಿರಿದು, ಸಾಲಿಗೆ 32 ಅಕ್ಷರ ಮೀರಬೇಡಿ, ಎರಡೇ ಸಾಲು. ದೇವನಾಗರಿಯ ಜೋಡಕ್ಷರಗಳು ಕೆಲವು ಪ್ಲೇಯರುಗಳಲ್ಲಿ ಒಡೆದು ಬೀಳುತ್ತವೆ, ಓಡಿಸುವ ಲ್ಯಾಪ್‌ಟಾಪಿನಲ್ಲೇ ಪರೀಕ್ಷೆ ಮಾಡಿ. ಅಕ್ಷರದ ಬಣ್ಣ ಅಚ್ಚ ಬಿಳಿ ಬೇಡ, ತಿಳಿ ಬೂದು ಇಡಿ. ಕತ್ತಲ ದೃಶ್ಯದಲ್ಲಿ ಬಿಳಿ ಅಕ್ಷರವೇ ಪರದೆಯ ಅತಿ ಪ್ರಕಾಶದ ವಸ್ತುವಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ. ಮತ್ತೆ, ‘ಘಟಶ್ರಾದ್ಧ’ ಎಂದರೆ ಏನು, ಬದುಕಿರುವವರಿಗೇ ಶ್ರಾದ್ಧ ಮಾಡಿ ಕುಲದಿಂದ ಹೊರಹಾಕುವುದು ಎಂದು ಕರಪತ್ರದಲ್ಲಿ ಎರಡು ಸಾಲು ಬರೆಯಿರಿ. ಅದು ತಿಳಿಯದೆ ಮಕ್ಕಳಿಗೆ ಮಡಕೆ ಒಡೆಯುವ ದೃಶ್ಯದ ಭಾರ ತಟ್ಟುವುದಿಲ್ಲ.

ಕರ್ವೆರಸ್ತೆ

ವೆಲ್ವೆಟ್ ಇವತ್ತೇ ಬರೆದುಕೊಂಡೆ. ಇಂಟರ್‌ವಲ್ ವಿಷಯದಲ್ಲಿ ಬಳಗದಲ್ಲಿ ಎರಡು ಪಂಗಡ. ಹಿರಿಯರು ಅಷ್ಟು ಹೊತ್ತು ಕೂರಲಾರರು, ನಡುವೆ ಚಹಾ ಬೇಕು ಎನ್ನುವವರು ಒಂದು ಕಡೆ. ಮುರಿಯಲೇಬಾರದು ಎನ್ನುವವರು ಇನ್ನೊಂದು ಕಡೆ.

ಹುಬ್ಬಳ್ಳಿಅಕ್ಕ

ಚಹಾ ಮೊದಲ ಕೊಡ್ರಿ. ಐದೂವರಿಗೆ ಚಹಾ, ಚುರುಮುರಿ, ಆರಕ್ಕ ಬಾಗಿಲ ಹಾಕ್ರಿ. ಈ ಪಿಕ್ಚರ್ ಮೆಲ್ಲಗ ಉಸಿರು ಕಟ್ಟಿಸ್ಕೋಂತ ಹೋಗ್ತದ. ನಡುವ ಲೈಟ್ ಹಾಕಿ ‘ಸಕ್ಕರಿ ಹೆಚ್ಚಾತು’ ಅಂತ ಮಾತಾಡಿ ತಿರುಗಿ ಕುಂತ್ರ ಆ ಉಸಿರು ಮತ್ತ ಸಿಗಂಗಿಲ್ಲ.

ಹಳೇರೀಲು

ಹಿರಿಯರ ಕಷ್ಟವೂ ನಿಜ ಅಕ್ಕಾ. ಮಂಡಿನೋವು ಇರುವವರಿಗೆ ಸಾಲಿನ ತುದಿಯ ಕುರ್ಚಿ ಕಾದಿರಿಸಿ, ಎದ್ದು ಹೋಗಿ ಬರಲಿ. ಓಣಿಗೆ ನೆಲಮಟ್ಟದಲ್ಲಿ ಮಂದ ದೀಪ ಇರಲಿ, ಪರದೆಗೆ ತಾಗದಂತೆ. ಅಷ್ಟಾದ ಮೇಲೂ ಇಂಟರ್‌ವಲ್ ಕೊಡಲೇಬೇಕಾದರೆ ಗಡಿಯಾರ ನೋಡಿ ನಿಲ್ಲಿಸಬೇಡಿ. ಒಂದು ದಿನ ಮುಂಚೆ ಕೂತು ನೋಡಿ, ದೃಶ್ಯ ಪೂರ್ತಿ ಕತ್ತಲಿಗೆ ಇಳಿಯುವ ಜಾಗ ಗುರುತುಮಾಡಿ, ಗಂಟೆ-ನಿಮಿಷ-ಸೆಕೆಂಡ್ ಬರೆದಿಡಿ.

ಕುರ್ಚಿಯ ವಿಷಯ: ಚಿತ್ರದ ಎತ್ತರ 7.9 ಅಡಿ, ಅದರ ಎರಡರಿಂದ ಮೂರು ಪಟ್ಟು ದೂರ, ಅಂದರೆ 16ರಿಂದ 24 ಅಡಿಯ ಸಾಲುಗಳೇ ಅತ್ಯುತ್ತಮ. ಗಣ್ಯರಿಗೆಂದು ಮೊದಲ ಸಾಲಿನಲ್ಲಿ ಸೋಫಾ ಹಾಕುವ ಪದ್ಧತಿ ಈ ಒಂದು ದಿನ ಬಿಡಿ. ಅಲ್ಲಿಂದ ಕತ್ತೆತ್ತಿ ನೋಡಬೇಕು, ಹಿಂದಿನವರಿಗೆ ತಲೆ ಅಡ್ಡ.

ಬೆಳ್ಳಿಕಣ

ಹಿಂದಿನ ಸಂಜೆ ಪೂರ್ತಿ ಚಿತ್ರ ಓಡಿಸಲು ಆಗದಿದ್ದರೆ ಮೂರು ಜಾಗ ನೋಡಿದರೆ ಸಾಕು. ಹೆಸರುಗಳು ಬರುವ ಆರಂಭ: ಅಕ್ಷರದ ಅಂಚು ನಾಲ್ಕೂ ಮೂಲೆಯಲ್ಲಿ ಚೂಪಾಗಿದೆಯೇ, ಫೋಕಸ್ ಅಲ್ಲಿ ಮಾಡಿ. ಒಂದು ರಾತ್ರಿಯ ದೃಶ್ಯ: ಅತಿ ಕತ್ತಲಲ್ಲಿ ನಿಂತವರ ಅಂಚು ಸ್ವಲ್ಪವೇ ಸ್ವಲ್ಪ ಬೇರೆಯಾಗಿ ಕಾಣುವಂತೆ ಬ್ರೈಟ್‌ನೆಸ್ ಇಳಿಸುತ್ತ ಹೋಗಿ, ಮಾಯವಾದ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ. ಹಗಲಿನ ಬಯಲಿನ ಒಂದು ದೃಶ್ಯ: ಆಕಾಶ ಖಾಲಿ ಕಾಗದವಾಗಬಾರದು, ಬಿಳಿ ಪಂಚೆಯ ಮಡಿಕೆ ಕಾಣಬೇಕು, ಅಲ್ಲಿ ಕಾಂಟ್ರಾಸ್ಟ್ ನಿಲ್ಲಿಸಿ. ಪ್ರೊಜೆಕ್ಟರ್ ಇಪ್ಪತ್ತು ನಿಮಿಷ ಕಾದ ಮೇಲೇ ಇದೆಲ್ಲ ಮಾಡಿ, ತಣ್ಣಗಿದ್ದಾಗ ಹೊಂದಿಸಿದ್ದು ಆಮೇಲೆ ಸರಿಯುತ್ತದೆ. ಮುಗಿದ ಮೇಲೆ ರಿಮೋಟನ್ನು ಒಬ್ಬರೇ ಇಟ್ಟುಕೊಳ್ಳಿ.

ಕರ್ವೆರಸ್ತೆ

ಸ್ವಿಚ್‌ಬೋರ್ಡಿನ ಹತ್ತಿರವೂ ಒಬ್ಬರನ್ನು ಕೂರಿಸುತ್ತೇವೆ. ಕೊನೆಯ ದೃಶ್ಯ ಮುಗಿದ ಕೂಡಲೇ ಯಾರೋ ಅಭ್ಯಾಸಬಲದಿಂದ ಟ್ಯೂಬ್‌ಲೈಟ್ ಹಾಕಿಬಿಡುತ್ತಾರೆ ಎಂಬುದೇ ಈಗ ಉಳಿದ ಆತಂಕ.

ಹಳೇರೀಲು

ಫೈಲಿನ ಪಟ್ಟಿಯಲ್ಲಿ ಚಿತ್ರದ ಹಿಂದೆಯೇ ಒಂದು ನಿಮಿಷದ ಬರಿ ಕಪ್ಪು ಸೇರಿಸಿ, ಸದ್ದಿಲ್ಲದ್ದು. ಇಲ್ಲದಿದ್ದರೆ ಕೊನೆಯ ಫ್ರೇಮು ಹೋದ ಕ್ಷಣಕ್ಕೆ ಲ್ಯಾಪ್‌ಟಾಪಿನ ನೀಲಿ ಡೆಸ್ಕ್‌ಟಾಪ್ ಪರದೆ ತುಂಬ ಹಾರುತ್ತದೆ. ಟ್ಯೂಬ್‌ಲೈಟ್ ಬೇಡವೇ ಬೇಡ. ಹಿಂದಿನ ಗೋಡೆಯ ಒಂದು ಹಳದಿ ಬಲ್ಬು ಮಾತ್ರ, ಅದೂ ಆ ಒಂದು ನಿಮಿಷ ಕಳೆದ ಮೇಲೆ.